ಕಲೀಚಿ ನೆಲಕ್ಕೆ ಬ್ಯಾಟರಿ ಹ್ಯಾಮರ್: ಎರಡು ಚಳಿಗಾಲ ಬಳಸಿದ ಮೇಲೆ

ಈ ಮಿಷನ್ ನಾನು ಕೊಂಡಿದ್ದು ಗೋಡೆ ಕೊರೆಯಲು ಅಲ್ಲ, ನೆಲ ಒಡೆಯಲು. 18 ವೋಲ್ಟ್ ಬ್ಯಾಟರಿಯ ರೋಟರಿ ಹ್ಯಾಮರ್, ಎಸ್‌ಡಿಎಸ್ ಪ್ಲಸ್ ಅನ್ನುವ ಅಳತೆಯ ಬಿಟ್ (ಮಿಷನ್ನಿನ ಬಾಯಿಗೆ ಸಿಕ್ಕಿಸುವ ಉಳಿ ಅಥವಾ ಕೊರೆಯುವ ಮೊನೆ) ಹಿಡಿಯುವಂಥದ್ದು, ಬ್ಯಾಟರಿ ಸೇರಿ ನಾಲ್ಕು ಕೆಜಿಗೆ ಸ್ವಲ್ಪ ಕಡಿಮೆ. ನಮ್ಮೂರಲ್ಲಿ ಎಲೆಕ್ಟ್ರಿಷಿಯನ್‌ಗಳು ಪೈಪ್ ಕೂರಿಸಲು ಗೋಡೆ ಕೆತ್ತುತ್ತಾರಲ್ಲ, ಅದೇ ಜಾತಿಯದು, ವೈರ್ ಮಾತ್ರ ಇಲ್ಲ. ಕಂಪನಿಯ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಈ ಗಾತ್ರದ ಮಿಷನ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಕೆಲಸ ಮಾಡುತ್ತವೆ, ನಾನು ಹೇಳಬೇಕಿರುವುದು ಆ ಗಾತ್ರದ ಬಗ್ಗೆ. ಎರಡು ಚಳಿಗಾಲ ಇದನ್ನು ಬೆನ್ನಿಗೆ ಹಾಕಿಕೊಂಡು ಅರಿಝೋನಾದ ಮರುಭೂಮಿಯಲ್ಲಿ ಚಿನ್ನ ಹುಡುಕಿದ್ದೇನೆ. ಅದಕ್ಕೂ ಮುಂಚೆ ಬೇರೆ ಪ್ರಯೋಗಗಳನ್ನು ಮಾಡಿ ದುಡ್ಡು ಕಳೆದಿದ್ದೇನೆ. ಅವನ್ನೂ ಬರೆಯುತ್ತೇನೆ, ಯಾಕೆಂದರೆ ಗಟ್ಟಿ ನೆಲದಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವವರಿಗೆಲ್ಲ ಒಂದಲ್ಲ ಒಂದು ದಿನ 'ಇದಕ್ಕೊಂದು ಮಿಷನ್ ಇದ್ದಿದ್ರೆ' ಅನ್ನಿಸಿಯೇ ಅನ್ನಿಸುತ್ತದೆ.

ನಮ್ಮ ಮನೆ ಫೀನಿಕ್ಸ್ ಪಕ್ಕದ ಚಾಂಡ್ಲರ್‌ನಲ್ಲಿ. ಶನಿವಾರ ಬೆಳಗ್ಗೆ ಬೇಗ ಹೊರಟರೆ ಸುಮಾರು ಎರಡು ಗಂಟೆಯಲ್ಲಿ ವಿಕೆನ್‌ಬರ್ಗ್ ದಾಟಿ ರಿಚ್ ಹಿಲ್ ಎಂಬ ಗುಡ್ಡದ ಬುಡಕ್ಕೆ ತಲುಪುತ್ತೇವೆ. 1863ರಲ್ಲಿ ಆ ಗುಡ್ಡದ ನೆತ್ತಿಯ ಮೇಲೇ ಚಿನ್ನದ ಗಟ್ಟಿಗಳು ಸಿಕ್ಕಿದ್ದವು. ಆಮೇಲೆ ಬುಡದಲ್ಲಿ ಸ್ಟಾಂಟನ್, ವೀವರ್, ಆಕ್ಟೇವ್ ಎಂಬ ಊರುಗಳು ಎದ್ದವು, ಚಿನ್ನ ಮುಗಿದಂತೆ ಪಾಳು ಬಿದ್ದವು. ಸುತ್ತಲಿನ ಒಣ ಹಳ್ಳಗಳಲ್ಲಿ ಇವತ್ತಿಗೂ ಸಣ್ಣ ಸಣ್ಣ ಚೂರು ಸಿಗುತ್ತವೆ. ನಮ್ಮ ಬೀದಿಯ ಹಿರಿಯರೊಬ್ಬರಿಗೆ ಆ ಕಡೆ ಸ್ವಂತ ಜಮೀನಿದೆ, ಹಳೆಯ ಗಣಿ ಕ್ಲೇಮ್ (ಅದಿರು ತೆಗೆಯುವ ಹಕ್ಕು ಪಡೆದ ಜಾಗ) ಪಟ್ಟಾ ಆಗಿ ಖಾಸಗಿ ಆಸ್ತಿಯಾದದ್ದು. ನಾನು ಅಗೆಯುವುದು ಅಲ್ಲಿ, ಅವರ ಒಪ್ಪಿಗೆ ತಗೊಂಡು.

ಅಲ್ಲಿನ ನೆಲದ ಕಷ್ಟಕ್ಕೆ ಒಂದು ಹೆಸರಿದೆ, ಕಲೀಚಿ. ಮಳೆ ನೀರು ಮಣ್ಣಿನ ಸುಣ್ಣವನ್ನು ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ, ಆದರೆ ಪೂರ್ತಿ ಇಳಿಯುವಷ್ಟು ಮಳೆ ಇಲ್ಲಿಲ್ಲ. ಅರ್ಧ ದಾರಿಯಲ್ಲೇ ನೀರು ಆರುತ್ತದೆ, ಸುಣ್ಣ ಉಳಿಯುತ್ತದೆ. ಸಾವಿರಾರು ವರ್ಷ ಹೀಗೇ ಆಗಿ ಮರಳು, ಜಲ್ಲಿ, ಮಣ್ಣು ಎಲ್ಲ ಅಂಟಿಕೊಂಡು ಕಾಂಕ್ರೀಟ್ ಸ್ಲ್ಯಾಬ್ ಥರ ಬಿಳಿ ಪದರ ಕೂತಿರುತ್ತದೆ. ನಮ್ಮ ಬಯಲುಸೀಮೆ ಹೊಲಗಳಲ್ಲಿ ಉಳುವಾಗ ಸುಣ್ಣದ ಹರಳು ಏಳುತ್ತವಲ್ಲ, ಅದೇ ಸಂಗತಿ, ಇಲ್ಲಿ ಬಿಡಿ ಹರಳಾಗದೆ ಹಾಸುಗಲ್ಲಾಗಿದೆ ಅಷ್ಟೇ. ಹಾಗಂತ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಚಿನ್ನ ತೂಕದ ಲೋಹ, ಹಳ್ಳದಲ್ಲಿ ನೀರು ಬಂದಾಗ ಜಲ್ಲಿಯ ನಡುವೆ ಇಳಿಯುತ್ತಾ ಹೋಗಿ ಗಟ್ಟಿಯಾದದ್ದು ಸಿಕ್ಕ ಕಡೆ ನಿಲ್ಲುತ್ತದೆ. ಇಲ್ಲಿ ಕೆಳಗಿನ ನಿಜವಾದ ಬಂಡೆಗಿಂತ ಮೊದಲು ಸಿಗುವ ಗಟ್ಟಿ ಅಂದರೆ ಈ ಕಲೀಚಿ. ಹಾಗಾಗಿ ಡಿಟೆಕ್ಟರ್‌ನಲ್ಲಿ ಒಳ್ಳೆಯ ಸದ್ದು ಬರುವುದೇ ಅದರ ಮೇಲೆ, ಇಲ್ಲವೇ ಅದರೊಳಗೆ.

ಮೊದಲ ವರ್ಷ ಪಿಕಾಸಿಯಲ್ಲೇ ಹೊಡೆದೆ. ಒಳ್ಳೆಯ ಪಿಕಾಸಿ, ಗಟ್ಟಿ ಹಿಡಿ, ಎರಡು ಅಡಿ ಉದ್ದ. ಕಲೀಚಿಗೆ ಹೊಡೆದರೆ ಠಣ್ ಅಂದು ವಾಪಸ್ ಬರುತ್ತದೆ, ಒಂದು ಹೊಡೆತಕ್ಕೆ ಬೆರಳ ಉಗುರಿನಷ್ಟು ಚಕ್ಕೆ ಏಳುತ್ತದೆ. ಒಂದು ಸಲ ಒಂದೇ ಗುಂಡಿಗೆ ಮುಕ್ಕಾಲು ಗಂಟೆ ಹಿಡಿಯಿತು, ಆಳ ಗೇಣಿಗಿಂತ ಸ್ವಲ್ಪ ಜಾಸ್ತಿ, ಕೊನೆಗೆ ಸಿಕ್ಕಿದ್ದು ಹಳೆಯ ಸೀಸದ ಗುಂಡು. ಸೀಸ ಮತ್ತು ಚಿನ್ನ ಡಿಟೆಕ್ಟರ್‌ನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕೂಗುತ್ತವೆ, ಅಗೆಯದೆ ಗೊತ್ತಾಗುವುದಿಲ್ಲ. ದಿನಕ್ಕೆ ಐದಾರು ಗುಂಡಿಗೇ ಮೊಣಕೈ ಹಿಡಿದುಕೊಳ್ಳುತ್ತಿತ್ತು. ಸದ್ದು ಕೇಳಿಸಿದರೂ 'ಬೇಡ, ಬಿಡು' ಅಂತ ಮುಂದೆ ಹೋಗಲು ಶುರು ಮಾಡಿದೆ. ಇದು ನನಗೆ ತುಂಬಾ ಬೇಜಾರಾದ ವಿಷಯ. ಅಷ್ಟು ದೂರ ಬಂದು, ಸದ್ದು ಕೇಳಿ, ಅಗೆಯದೆ ಬಿಡುವುದು ಅಂದರೇನು?

ಮೊದಲ ಪ್ರಯೋಗ ಆಗರ್. ಗಿಡ ನೆಡಲು ಗುಂಡಿ ತೋಡುವ ಸುರುಳಿ ಬಿಟ್ ಇದೆಯಲ್ಲ, ಅದನ್ನು ಮನೆಯ ಡ್ರಿಲ್‌ಗೆ ಸಿಕ್ಕಿಸಿಕೊಂಡು ಹೋದೆ. ಮನೆಯ ಹಿತ್ತಲಿನಲ್ಲಿ ಬೆಣ್ಣೆಗೆ ಚಾಕು ಹಾಕಿದ ಹಾಗೆ ಇಳಿದಿತ್ತು. ಹಳ್ಳದಲ್ಲಿ ಮೊದಲ ಕಲ್ಲು ಸಿಕ್ಕ ಕೂಡಲೇ ಬಿಟ್ ನಿಂತಿತು, ಡ್ರಿಲ್ ತಿರುಗಿತು, ನನ್ನ ಮಣಿಕಟ್ಟು ಅದರ ಜೊತೆ ತಿರುಗಿತು. ಎರಡು ವಾರ ಕೈ ಕಟ್ಟಿಕೊಂಡಿದ್ದೆ. ಕೈ ಸರಿ ಇದ್ದಿದ್ದರೂ ಆಗರ್ ಈ ಕೆಲಸಕ್ಕೆ ಬೇಡ. ಅದು ಮಣ್ಣನ್ನು ಕೆಳಗಿನಿಂದ ಮೇಲಕ್ಕೆ ತಿರುವಿ ಸುತ್ತ ಎರಚುತ್ತದೆ. ನೀವು ಹುಡುಕುತ್ತಿರುವುದು ಅಕ್ಕಿ ಕಾಳಿನಷ್ಟು ಚೂರು. ಗುಂಡಿಯಲ್ಲಿ ಎಲ್ಲಿತ್ತು ಅಂತ ಕಷ್ಟಪಟ್ಟು ಗೊತ್ತು ಮಾಡಿಕೊಂಡಿರುತ್ತೀರಿ, ಆಗರ್ ಅದನ್ನು ಎಲ್ಲಿಗೋ ಒಯ್ದು ಬಿಸಾಡುತ್ತದೆ. ಮೆತ್ತನೆ ಜೇಡಿಮಣ್ಣಿನಲ್ಲಿ, ಬೇರು ಜಾಸ್ತಿ ಇರುವ ಕಡೆ, ಸುಮ್ನೆ ಮೇಲಿನ ಮಣ್ಣು ಸಡಿಲ ಮಾಡಲು ಆದೀತು. ಕಲ್ಲಿರುವ ನೆಲಕ್ಕೆ ಖಂಡಿತ ಬೇಡ.

ಎರಡನೆಯದು ದೊಡ್ಡ ತಪ್ಪು. ಕಾಂಕ್ರೀಟ್ ಒಡೆಯುವ, ಕರೆಂಟಿನಲ್ಲಿ ಓಡುವ ಬ್ರೇಕರ್ ಒಂದನ್ನು ಹಳೆಯ ಸಾಮಾನಿನ ಅಂಗಡಿಯಲ್ಲಿ ಕೊಂಡೆ, 1,200 ವಾಟ್, ಏಳೆಂಟು ಕೆಜಿ. ಮರುಭೂಮಿಯಲ್ಲಿ ಕರೆಂಟ್ ಎಲ್ಲಿಂದ? ಜೀಪಿನ ಬ್ಯಾಟರಿಗೆ ಇನ್ವರ್ಟರ್ ಹಾಕಿದೆ. ಲೆಕ್ಕ ಮೊದಲೇ ಮಾಡಬೇಕಿತ್ತು. 1,200 ವಾಟನ್ನು 12 ವೋಲ್ಟಿನಿಂದ ಎಳೆಯಬೇಕು ಅಂದರೆ 100 ಆಂಪಿಯರ್, ಇನ್ವರ್ಟರ್ ತಿನ್ನುವ ಪಾಲು ಸೇರಿದರೆ ಇನ್ನೂ ಜಾಸ್ತಿ, ಮೋಟಾರು ಶುರುವಾಗುವ ಕ್ಷಣದಲ್ಲಿ ಅದರ ಕೆಲವು ಪಟ್ಟು. ಅದಕ್ಕೆ ಹೆಬ್ಬೆರಳು ದಪ್ಪದ ಕೇಬಲ್ ಬೇಕು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಬೇಕು. ನಾನು ಹಾಕಿದ್ದು ಜಂಪರ್ ಕೇಬಲ್. ಐದನೇ ನಿಮಿಷಕ್ಕೆ ಕ್ಲಿಪ್ಪಿನ ಪ್ಲಾಸ್ಟಿಕ್ ಕರಗಿತು, ಇನ್ವರ್ಟರ್‌ನಿಂದ ವಾಸನೆ ಬಂತು, ಆಮೇಲೆ ಅದು ಏಳಲೇ ಇಲ್ಲ. ಜೀಪೂ ಸ್ಟಾರ್ಟ್ ಆಗಲಿಲ್ಲ. ಫೋನ್ ಸಿಗ್ನಲ್ ಇಲ್ಲದ ಜಾಗ. ಬೇರೊಬ್ಬರ ಗಾಡಿ ಬರುವವರೆಗೆ ಮೂರು ಗಂಟೆ ಕಾದೆ. ಈ ಉಪಾಯ ಯೋಚನೆ ಮಾಡುತ್ತಿರುವವರು ದಯವಿಟ್ಟು ಬಿಟ್ಟುಬಿಡಿ, ನಿಮ್ಮನ್ನು ಮನೆಗೆ ಕರೆದುಕೊಂಡು ಹೋಗಬೇಕಾದ ಬ್ಯಾಟರಿಯಿಂದ ಬೇರೆ ಕೆಲಸ ತೆಗೆಯಬೇಡಿ.

ಜನರೇಟರ್ ತಂದವರನ್ನೂ ನೋಡಿದ್ದೇನೆ. ಇಪ್ಪತ್ತು ಕೆಜಿ ಹೊತ್ತು ಹಳ್ಳ ಇಳಿಯಬೇಕು, ಪೆಟ್ರೋಲು ಬೇಕು, ಒಣ ಹುಲ್ಲಿಗೆ ಬೆಂಕಿಯ ಭಯ ಬೇರೆ. ಅದರ ಬಗ್ಗೆ ಇಷ್ಟೇ ಸಾಕು.

ಈಗ ಈ ಬ್ಯಾಟರಿ ಹ್ಯಾಮರ್ ವಿಷಯಕ್ಕೆ. ಕೊಳ್ಳುವಾಗ ನೋಡಲೇಬೇಕಾದ ಒಂದೇ ಒಂದು ಸಂಗತಿ ಇದ್ದರೆ ಅದು ಮೂರು ಮೋಡ್. ಬರೀ ತಿರುಗುವುದು, ತಿರುಗುತ್ತಾ ಹೊಡೆಯುವುದು, ತಿರುಗದೆ ಬರೀ ಹೊಡೆಯುವುದು. ಮೂರನೆಯದು ಇಲ್ಲದಿದ್ದರೆ ಉಳಿ ಹಾಕುವ ಹಾಗಿಲ್ಲ, ನೆಲ ಒಡೆಯಲು ಅದು ಬೇಕೇ ಬೇಕು. ಕಡಿಮೆ ಬೆಲೆಯ ಕೆಲವಲ್ಲಿ ಎರಡೇ ಮೋಡ್ ಇರುತ್ತವೆ, ಡಬ್ಬದ ಮೇಲಿನ ಚಿತ್ರ ನೋಡಿ ಮೋಸ ಹೋಗಬೇಡಿ. ಸಾಧಾರಣ 'ಹ್ಯಾಮರ್ ಡ್ರಿಲ್' ಅಂತ ಮಾರುವುದು ಬೇರೆಯೇ ವಸ್ತು, ಅದರೊಳಗೆ ಎರಡು ಹಲ್ಲಿನ ಚಕ್ರ ಉಜ್ಜಿಕೊಂಡು ಗಡಗಡ ಅನ್ನುತ್ತವೆ ಅಷ್ಟೇ. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಇರುತ್ತದೆ, ಗಾಳಿಯ ಒತ್ತಡದಲ್ಲಿ ಒಂದು ತುಂಡು ಉಕ್ಕು ಬಂದು ಬಿಟ್ಟಿನ ಬೆನ್ನಿಗೆ ಬಡಿಯುತ್ತದೆ. ನನ್ನದರ ಹೊಡೆತದ ಶಕ್ತಿ ಸುಮಾರು 2.5 ಜೂಲ್. ಈ ಗಾತ್ರದವು ಸಾಮಾನ್ಯವಾಗಿ 2ರಿಂದ 3 ಜೂಲ್ ಒಳಗೇ ಇರುತ್ತವೆ.

ಇದಕ್ಕಿಂತ ದೊಡ್ಡದು ಬೇಡವಾ? ನಾನೂ ಇದೇ ಯೋಚನೆ ಮಾಡಿದ್ದೆ. ಎಸ್‌ಡಿಎಸ್ ಮ್ಯಾಕ್ಸ್ ಅಂತ ಇನ್ನೊಂದು ದರ್ಜೆ ಇದೆ, ಪ್ಲಸ್ ಬಿಟ್ಟಿನ ಬುಡ 10 ಮಿಲಿಮೀಟರ್ ದಪ್ಪ ಇದ್ದರೆ ಅದರದು 18. ಹೊಡೆತ ಮೂರು ನಾಲ್ಕು ಪಟ್ಟು, ತೂಕ ಎರಡು ಪಟ್ಟು, ಬೆಲೆ ಕೇಳುವುದೇ ಬೇಡ. ಗೆಳೆಯರೊಬ್ಬರದ್ದು ಒಂದು ದಿನ ಬಳಸಿ ನೋಡಿದೆ. ಕಲೀಚಿ ನಿಜಕ್ಕೂ ಬೇಗ ಒಡೆಯುತ್ತದೆ. ಆದರೆ ಗುಂಡಿ ಯಾವ ಕಡೆ ಹೋಗುತ್ತಿದೆ ಅನ್ನುವ ಹಿಡಿತ ತಪ್ಪುತ್ತದೆ, ಮಧ್ಯಾಹ್ನದ ಹೊತ್ತಿಗೆ ಭುಜ ಸೋಲುತ್ತದೆ. ಕಾರಿನ ಪಕ್ಕದಲ್ಲೇ ಅಗೆಯುವವರಿಗೆ ಅದು ಸರಿ. ನಾನು ದಿನಕ್ಕೆ ಐದಾರು ಕಿಲೋಮೀಟರ್ ನಡೆಯುತ್ತೇನೆ, ಡಿಟೆಕ್ಟರ್, ನೀರು, ಪಿಕಾಸಿ ಎಲ್ಲ ಹೊತ್ತು. ಆ ಲೆಕ್ಕದಲ್ಲಿ ನಾಲ್ಕು ಕೆಜಿಯೇ ಮೇಲಿನ ಮಿತಿ.

ಬಿಟ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಅರ್ಧ ಕೆಲಸ ಅದರದ್ದೇ. ಮಿಷನ್ ಜೊತೆ ಬರುವ ಚೂಪು ಉಳಿ ಕಲೀಚಿಯಲ್ಲಿ ತೂತು ಮಾಡುತ್ತದೆ, ಒಡೆಯುವುದಿಲ್ಲ. ಚೂಪು ತುದಿ ಒಳಗೆ ಸಿಕ್ಕಿಕೊಂಡು ಎಳೆದಾಡಬೇಕಾಗುತ್ತದೆ. ಟೈಲ್ಸ್ ಕೀಳುವ ಅಗಲದ ಉಳಿ, ಮೂರು ಇಂಚಿನದು, ಸಡಿಲ ಮಣ್ಣಿಗೆ ಚೆನ್ನಾಗಿದೆ, ಗಟ್ಟಿ ಪದರಕ್ಕೆ ಅದರ ಹೊಡೆತ ಅಗಲಕ್ಕೆ ಹಂಚಿ ಹೋಗಿ ಏನೂ ಆಗುವುದಿಲ್ಲ. ಜೇಡಿ ಅಗೆಯುವ ಸನಿಕೆಯಂಥ ಬಿಟ್ಟೂ ಸಿಗುತ್ತದೆ, ನೋಡಲು ತುಂಬಾ ಚೆನ್ನಾಗಿದೆ, ಅದು ದೊಡ್ಡ ಮಿಷನ್‌ಗೆ ಸರಿ, 2.5 ಜೂಲಿಗೆ ಭಾರ ಜಾಸ್ತಿ. ಕೊನೆಗೆ ನನಗೆ ಒಗ್ಗಿದ್ದು ಒಂದೂವರೆ ಇಂಚಿನ ಚಪ್ಪಟೆ ಉಳಿ, ಹತ್ತು ಇಂಚು ಉದ್ದ. ಹನ್ನೆರಡು ಡಾಲರ್. ಇಡೀ ಸೆಟ್ಟಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದ ಸಾಮಾನು ಅದೇ.

ಆದರೂ ಮೊದಲ ಕೆಲವು ವಾರ ನಾನು ಅದನ್ನು ತಪ್ಪಾಗಿಯೇ ಹಿಡಿದಿದ್ದೆ. ಸರಿ ಮಾಡಿದ್ದು ನಮ್ಮಪ್ಪ. ಅವರು ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ಜಾಕ್‌ಹ್ಯಾಮರ್ ಹಿಡಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವ ತನಕ ಕೆಲಸದಲ್ಲಿದ್ದರು. ಮೂರು ಕಿಲೋಮೀಟರ್‌ಗೂ ಆಳಕ್ಕೆ ಹೋಗಿದ್ದ ಗಣಿ ಅದು. ಮೊದಲ ಚಳಿಗಾಲದ ಡಿಸೆಂಬರ್‌ನಲ್ಲಿ ಅಪ್ಪ ಅಮ್ಮ ಇಲ್ಲಿಗೆ ಬಂದಿದ್ದರು. ಒಂದು ಶನಿವಾರ ಅಪ್ಪನನ್ನೂ ಕರೆದುಕೊಂಡು ಹೋದೆ. ಮಡಚುವ ಕುರ್ಚಿ ಹಾಕಿ ನೆರಳಲ್ಲಿ ಕೂರಿಸಿದೆ. ಹತ್ತು ನಿಮಿಷ ಸುಮ್ಮನೆ ನೋಡಿದರು. ನಾನು ಸದ್ದು ಬಂದ ಜಾಗದ ಮೇಲೆ ಉಳಿ ನೆಟ್ಟಗೆ ಇಟ್ಟು ಒತ್ತುತ್ತಿದ್ದೆ.

"ಲೇ, ಅದು ಎಲ್ಲಿಗೆ ಹೋಗಬೇಕು ಹೇಳು?" ಅಂದರು.

"ಯಾವುದಪ್ಪಾ?"

"ಕಲ್ಲು ಕಣೋ. ಮೇಲಿಂದ ಹೊಡೀತಾ ಇದ್ದೀಯ, ಸುತ್ತ ಎಲ್ಲಾ ಕಲ್ಲೇ. ಒಡೆದ್ರೂ ಅದು ಬರೋಕೆ ಜಾಗ ಎಲ್ಲಿದೆ? ಮೊದಲು ಪಕ್ಕದಲ್ಲಿ ಒಂದು ಖಾಲಿ ಮಾಡ್ಕೋ. ಆಮೇಲೆ ಆ ಕಡೆಗೆ ತಳ್ಳು."

ಗಣಿಯಲ್ಲಿ ಮದ್ದು ಇಡುವಾಗ ಮಾಡುವುದೂ ಇದೇ ಅಂತೆ. ನಡುವೆ ಮೊದಲು ಒಂದು ಖಾಲಿ ಜಾಗ ಒಡೆದುಕೊಳ್ಳುತ್ತಾರೆ, ಆಮೇಲೆ ಸುತ್ತಲಿನ ಬಂಡೆ ಅದರೊಳಗೆ ಬೀಳುವ ಹಾಗೆ ಮಾಡುತ್ತಾರೆ. ಅವತ್ತಿನಿಂದ ನಾನು ಮಾಡುವುದು ಹೀಗೆ. ಸದ್ದು ಬಂದ ಜಾಗದಿಂದ ಒಂದು ಗೇಣು ದೂರದಲ್ಲಿ ಪಿಕಾಸಿಯಿಂದ ಚಿಕ್ಕ ಕುಳಿ ತೋಡುತ್ತೇನೆ. ಅದು ಪದರದ ತಳಕ್ಕೆ ಮುಟ್ಟಿದರೆ ಇನ್ನೂ ಒಳ್ಳೆಯದು. ಆಮೇಲೆ ಉಳಿಯನ್ನು ಕುಳಿಯ ಅಂಚಿನಿಂದ ಎರಡು ಬೆರಳು ಹಿಂದೆ ಇಟ್ಟು, ಸ್ವಲ್ಪ ಓರೆ ಮಾಡಿ, ಖಾಲಿಯ ಕಡೆಗೆ ಹೊಡೆಯುತ್ತೇನೆ. ಮುಷ್ಟಿ ಗಾತ್ರದ ಹೆಂಟೆಗಳು ಕಳಚಿ ಕುಳಿಗೆ ಬೀಳುತ್ತವೆ. ಮುಂಚೆ ಪುಡಿ ಮಾಡುತ್ತಿದ್ದೆ, ಈಗ ಹೆಂಟೆ ಎಬ್ಬಿಸುತ್ತೇನೆ. ಮುಕ್ಕಾಲು ಗಂಟೆಯ ಗುಂಡಿ ಹತ್ತು ನಿಮಿಷಕ್ಕೆ ಬಂತು, ಅದರಲ್ಲಿ ಮಿಷನ್ ಓಡುವುದು ಮೂರೂವರೆ ನಿಮಿಷ ಅಷ್ಟೇ. ಉಳಿದದ್ದು ಪಿಕಾಸಿ, ಕೈ, ಡಿಟೆಕ್ಟರ್. ಈ ಮಿಷನ್ ಅಗೆಯುವುದಿಲ್ಲ, ಸಡಿಲ ಮಾಡುತ್ತದೆ. ಪಿಕಾಸಿ ಮನೆಯಲ್ಲಿಟ್ಟು ಬರಬಹುದು ಅಂದುಕೊಂಡು ಕೊಳ್ಳುವವರಿಗೆ ಬೇಜಾರಾಗುತ್ತದೆ.

ಪಕ್ಕದಿಂದ ಬರುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಿನ್ನ ಮೆತ್ತಗಿನ ಲೋಹ, ಉಳಿ ತಗುಲಿದರೆ ಬೆಣ್ಣೆಯ ಥರ ಗಾಯವಾಗುತ್ತದೆ. ಹುಟ್ಟಿದ ಹಾಗೇ ಇರುವ ಗಟ್ಟಿಗೆ ಚಿನ್ನದ ತೂಕಕ್ಕಿಂತ ಜಾಸ್ತಿ ಬೆಲೆ ಕೊಡುವವರಿದ್ದಾರೆ, ಗೀರು ಬಿದ್ದರೆ ಬರೀ ತೂಕದ ಬೆಲೆ. ನಾನು ಒಂದಕ್ಕೆ ಹೀಗೆ ಮಾಡಿಬಿಟ್ಟಿದ್ದೇನೆ. 1.4 ಗ್ರಾಂ, ಒಂದು ಬದಿ ಪೂರ್ತಿ ಕೆತ್ತಿ ಹೋಗಿದೆ. ಅದನ್ನು ಮಾರಲಿಲ್ಲ, ಇಟ್ಟುಕೊಂಡಿದ್ದೇನೆ. ಈಗ ಪ್ರತಿ ಪದರ ಎದ್ದ ಮೇಲೂ ಮಿಷನ್ ನಿಲ್ಲಿಸಿ ಡಿಟೆಕ್ಟರ್ ಆಡಿಸಿ ನೋಡುತ್ತೇನೆ, ಸದ್ದು ಗುಂಡಿಯಲ್ಲಿದೆಯೋ ಎದ್ದ ಹೆಂಟೆಯಲ್ಲಿದೆಯೋ ಅಂತ. ಸದ್ದು ಜೋರಾದಂತೆ, ಅಂದರೆ ನಾಲ್ಕು ಬೆರಳು ದೂರ ಉಳಿದಾಗ, ಹ್ಯಾಮರ್ ಪಕ್ಕಕ್ಕೆ, ಮುಂದೆ ಕೈಯುಳಿ ಮತ್ತು ಸುತ್ತಿಗೆ ಮಾತ್ರ.

ಡಿಟೆಕ್ಟರ್ ಜೊತೆ ಈ ಮಿಷನ್ ಹೊಂದಿಕೊಳ್ಳುವುದು ಹೇಗೆ ಅಂತ ಹೊಸಬರು ಕೇಳುತ್ತಾರೆ. ಮೊದಲನೆಯದು, ಮೋಟಾರು ಓಡುವಾಗ ಡಿಟೆಕ್ಟರ್ ಹುಚ್ಚು ಹಿಡಿದ ಹಾಗೆ ಕೂಗುತ್ತದೆ. ನಿಲ್ಲಿಸಿದ ಮೇಲೂ ಅಷ್ಟು ದೊಡ್ಡ ಕಬ್ಬಿಣ ಹತ್ತಿರ ಇರಬಾರದು, ಐದಾರು ಹೆಜ್ಜೆ ದೂರ ಇಟ್ಟು ಬನ್ನಿ. ಎರಡನೆಯದನ್ನು ನನಗೆ ಯಾರೂ ಹೇಳಿರಲಿಲ್ಲ, ಇಡೀ ಒಂದು ದಿನ ಹಾಳಾದ ಮೇಲೆ ಗೊತ್ತಾಯಿತು. ಉಳಿಯ ತುದಿಯಿಂದ ಸಣ್ಣ ಸಣ್ಣ ಉಕ್ಕಿನ ಚಕ್ಕೆ ಹಾರುತ್ತವೆ. ಗುಂಡಿಯೊಳಗೆ ಬೀಳುತ್ತವೆ. ಸಣ್ಣ ಚಿನ್ನ ಹಿಡಿಯುವಷ್ಟು ಸೂಕ್ಷ್ಮ ಇರುವ ಡಿಟೆಕ್ಟರ್ ಅವನ್ನೂ ಹಿಡಿಯುತ್ತದೆ. ನೀವು ಅಗೆಯುತ್ತಲೇ ಹೋಗುತ್ತೀರಿ, ಸದ್ದು ಬರುತ್ತಲೇ ಇರುತ್ತದೆ, ಅದು ನೀವೇ ಹಾಕಿದ ಕಬ್ಬಿಣ! ಅದಕ್ಕೆ ಬಲವಾದ ಅಯಸ್ಕಾಂತ ಒಂದನ್ನು ಪಿಕಾಸಿಯ ತಲೆಗೆ ಅಂಟಿಸಿಕೊಂಡಿದ್ದೇನೆ, ಪ್ರತಿ ಸಲ ಗುಂಡಿಯಲ್ಲಿ ಒಮ್ಮೆ ಆಡಿಸುತ್ತೇನೆ. ಉಳಿಯ ತುದಿ ಮೊಂಡಾಗಿ ಅಂಚು ಮಡಚಿಕೊಳ್ಳಲು ಶುರುವಾದರೆ ಚಕ್ಕೆ ಜಾಸ್ತಿ. ಪ್ರತಿ ಟ್ರಿಪ್ಪಿಗೆ ಮುಂಚೆ ಗ್ರೈಂಡರ್‌ನಲ್ಲಿ ಒಂದು ಸಲ ತಿದ್ದಿಕೊಳ್ಳಿ, ನೀಲಿ ಬಣ್ಣಕ್ಕೆ ತಿರುಗುವಷ್ಟು ಬಿಸಿ ಮಾಡಬೇಡಿ, ನಡುನಡುವೆ ನೀರಲ್ಲಿ ಅದ್ದಿ. ಬಿಸಿಯಾದರೆ ಹದ ಹೋಗುತ್ತದೆ.

ಬ್ಯಾಟರಿ ಲೆಕ್ಕ. 18 ವೋಲ್ಟ್, 5 ಆಂಪಿಯರ್ ಅವರ್ ಅಂದರೆ 90 ವಾಟ್ ಅವರ್. ಸ್ವಿಚ್ ಒತ್ತಿ ಹಿಡಿದ ಸಮಯ ಮಾತ್ರ ಎಣಿಸಿದರೆ ನನಗೆ ಸುಮಾರು 18 ನಿಮಿಷ ಬರುತ್ತದೆ, ಅಂದರೆ ಐದು ಗುಂಡಿ. ಮೂರು ಬ್ಯಾಟರಿ ಇದ್ದರೆ ಒಂದು ದಿನ ಆರಾಮ. ದೊಡ್ಡ ಬ್ಯಾಟರಿ ಒಂದು ಕೊಳ್ಳುವ ಬದಲು 5ರದ್ದು ಎರಡು ಕೊಳ್ಳಿ, ಮಿಷನ್ ಹಗುರ ಉಳಿಯುತ್ತದೆ. ಚಳಿಗಾಲದಲ್ಲಿ ಏನೂ ತೊಂದರೆ ಇಲ್ಲ. ಏಪ್ರಿಲ್ ಕೊನೆಯಲ್ಲಿ ಒಂದು ಸಲ ಹೋಗಿದ್ದೆ, ಬಿಸಿಲಲ್ಲಿಟ್ಟ ಬ್ಯಾಟರಿ ಕೈ ಸುಡುತ್ತಿತ್ತು, ಮಿಷನ್ ತಾನೇ ನಿಂತುಬಿಟ್ಟಿತು. ಸಂಜೆ ಮನೆಯಲ್ಲಿ ತಣ್ಣಗಾಗುವವರೆಗೆ ಚಾರ್ಜರ್ ಕೂಡ ಅದನ್ನು ತಗೊಳ್ಳಲಿಲ್ಲ. ಈಗ ತಂಪು ಡಬ್ಬದಲ್ಲಿ ನೀರಿನ ಬಾಟಲಿಯ ಪಕ್ಕ ಇಡುತ್ತೇನೆ, ಒದ್ದೆಯಾಗದ ಹಾಗೆ ಸುತ್ತಿ.

ಧೂಳಿನ ಬಗ್ಗೆ ಇದನ್ನು ಓದುವ ಪ್ರತಿಯೊಬ್ಬರಿಗೂ ಕೈಮುಗಿದು ಹೇಳುತ್ತೇನೆ. ಅರಿಝೋನಾದ ಮಣ್ಣಿನಲ್ಲಿ ಒಂದು ಬೂಷ್ಟು ಇದೆ, ಅದು ಧೂಳಿನ ಜೊತೆ ಶ್ವಾಸಕ್ಕೆ ಹೋದರೆ ವ್ಯಾಲಿ ಫೀವರ್ ಬರುತ್ತದೆ. ಕೆಮ್ಮು, ಜ್ವರ, ತಿಂಗಳುಗಟ್ಟಲೆ ಸುಸ್ತು. ಜಾಸ್ತಿ ಜನಕ್ಕೆ ತಾನೇ ವಾಸಿಯಾಗುತ್ತದೆ, ಕೆಲವರಿಗೆ ಶ್ವಾಸಕೋಶ ದಾಟಿ ಬೇರೆ ಕಡೆ ಹರಡುತ್ತದೆ. ಪಿಕಾಸಿಯಲ್ಲಿ ಏಳುವ ಧೂಳೇ ಬೇರೆ, ಹ್ಯಾಮರ್‌ನಲ್ಲಿ ಏಳುವುದೇ ಬೇರೆ, ಹಿಟ್ಟಿನ ಗಿರಣಿ ಥರ ಮುಖದ ಮುಂದೆಯೇ ಏಳುತ್ತದೆ. ಎನ್95 ಮಾಸ್ಕ್ ಹಾಕದೆ ನಾನು ಸ್ವಿಚ್ ಒತ್ತುವುದಿಲ್ಲ, ಗಾಳಿಗೆ ಬೆನ್ನು ಹಾಕಿ ಕೂರುತ್ತೇನೆ, ಮೊದಲು ಒಂದು ಬಾಟಲಿ ನೀರು ಚಿಮುಕಿಸುತ್ತೇನೆ. ಅಪ್ಪನ ಜೊತೆ ಕೆಲಸ ಮಾಡಿದವರಲ್ಲಿ ಎಷ್ಟು ಜನ ಕಲ್ಲಿನ ಧೂಳಿಗೆ ಎದೆ ಹಾಳು ಮಾಡಿಕೊಂಡರು ಅಂತ ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅಪ್ಪ ಅವತ್ತು ಕುರ್ಚಿಯಿಂದ ಎದ್ದು ಬಂದು ಮೊದಲು ಮಾಡಿದ ಕೆಲಸ, ನನ್ನ ಮೂಗಿನ ಮೇಲೆ ಸಡಿಲವಾಗಿದ್ದ ಮಾಸ್ಕನ್ನು ಒತ್ತಿ ಕೂರಿಸಿದ್ದು.

ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ, ಇವು ಎಲ್ಲರಿಗೂ ಗೊತ್ತಿರುವುದೇ. ಕೈ ನಡುಕದ ಬಗ್ಗೆ ಜಾಸ್ತಿ ಜನ ಯೋಚಿಸುವುದಿಲ್ಲ. ಮಿಷನ್ ಪುಸ್ತಕದಲ್ಲಿ ಕಂಪನದ ಅಂಕಿ ಬರೆದಿರುತ್ತಾರೆ, ನನ್ನದಕ್ಕೆ ಉಳಿ ಕೆಲಸದಲ್ಲಿ 10ರ ಆಸುಪಾಸು (ಮೀಟರ್/ಸೆಕೆಂಡ್² ಲೆಕ್ಕದಲ್ಲಿ). ಯುರೋಪಿನ ಕಾರ್ಮಿಕ ನಿಯಮದ ಪ್ರಕಾರ ಎಂಟು ಗಂಟೆಯ ಸರಾಸರಿ 2.5 ಮುಟ್ಟಿದರೆ ಎಚ್ಚರ ವಹಿಸಬೇಕು. ಲೆಕ್ಕ ಹಾಕಿದರೆ 10ರ ಮಿಷನ್ ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಅಲ್ಲಿಗೆ ಮುಟ್ಟುತ್ತದೆ. ಎರಡು ಬ್ಯಾಟರಿ ಖಾಲಿಯಾದರೆ ಅಲ್ಲಿಗೆ ಬಂದೆವು. ಬೆರಳ ತುದಿ ಜುಮ್ ಅನ್ನಲು ಶುರುವಾದರೆ ಅವತ್ತಿಗೆ ಸಾಕು. ಮಿಷನ್ನನ್ನು ಜೋರಾಗಿ ಒತ್ತಬೇಡಿ, ಅದರ ತೂಕವೇ ಸಾಕು, ಒತ್ತಿದರೆ ನಡುಕ ಕೈಗೆ ಬರುತ್ತದೆ, ಹೊಡೆತ ಜಾಸ್ತಿಯಾಗುವುದಿಲ್ಲ.

ಕಾನೂನಿನ ವಿಷಯ. ನಾನು ಅಗೆಯುವುದು ಖಾಸಗಿ ಜಮೀನಿನಲ್ಲಿ, ಹಾಗಾಗಿ ನನಗೆ ಸುಲಭ. ಅಮೆರಿಕದಲ್ಲಿ ಬಿಎಲ್‌ಎಂ ಅನ್ನುವ ಭೂ ಇಲಾಖೆ ನೋಡಿಕೊಳ್ಳುವ ಸರ್ಕಾರಿ ಭೂಮಿಯಲ್ಲಿ ಅರ್ಜಿ ಇಲ್ಲದೆ ಮಾಡಬಹುದಾದ ಕೆಲಸಗಳಲ್ಲಿ ಕೈ ಸಲಕರಣೆ, ಮೆಟಲ್ ಡಿಟೆಕ್ಟರ್ ಸೇರುತ್ತವೆ, ನೆಲ ಅಗೆಯುವ ಯಂತ್ರಗಳು ಸೇರುವುದಿಲ್ಲ. ಕೈಯಲ್ಲಿ ಹಿಡಿಯುವ ಬ್ಯಾಟರಿ ಹ್ಯಾಮರ್ ಎಲ್ಲಿ ನಿಲ್ಲುತ್ತದೆ ಅಂತ ನೀವೇ ಊಹಿಸಿಕೊಳ್ಳಬೇಡಿ, ಆ ಜಾಗದ ಕಚೇರಿಗೆ ಫೋನ್ ಮಾಡಿ ಕೇಳಿ. ಬೇರೆಯವರ ಕ್ಲೇಮ್ ಆಗಿದ್ದರೆ ಅವರ ಒಪ್ಪಿಗೆ ಬೇಕು. ಮೆಲ್ಬರ್ನ್‌ನಲ್ಲಿ ನಮ್ಮ ಚಿಕ್ಕಪ್ಪನ ಮಗ ಇದ್ದಾನೆ, ಬೆಂಡಿಗೋ ಕಡೆ ಚಿನ್ನ ಹುಡುಕಲು ಹೋಗುತ್ತಾನೆ. ನನ್ನ ಮಿಷನ್ ನೋಡಿ ಅವನೂ ಕೊಳ್ಳಲು ಹೊರಟಿದ್ದ. ವಿಕ್ಟೋರಿಯಾ ರಾಜ್ಯದಲ್ಲಿ ಮೈನರ್ಸ್ ರೈಟ್ ಅನ್ನುವ ಪರವಾನಗಿ ಇದ್ದರೂ ಯಂತ್ರವಿಲ್ಲದ ಕೈ ಸಲಕರಣೆಯಿಂದ ಮಾತ್ರ ಅಗೆಯಬೇಕು. ಅಲ್ಲಿ ಇದು ನೇರವಾಗಿ ತಪ್ಪು. ಅವನಿಗೆ ಒಳ್ಳೆಯ ಪಿಕಾಸಿ ತಗೋ ಅಂದೆ.

ಊರಲ್ಲಿರುವವರಿಗೂ ಒಂದು ಮಾತು. ಡಿಟೆಕ್ಟರ್ ಈಗ ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತದೆ, ಹ್ಯಾಮರ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಎರಡೂ ಕೈಯಲ್ಲಿದೆ ಅಂತ ಹಳೇ ಕೋಟೆ, ಪಾಳು ಗುಡಿ ಕಡೆ ಹೋಗಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿ 1878ರಿಂದ ಇದೆ. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅಗೆಯುವುದಂತೂ ಅಪರಾಧ. ನಿಧಿಗಳ್ಳರು ನಮ್ಮ ಎಷ್ಟು ಗುಡಿಗಳ ಗರ್ಭಗುಡಿ ಕಿತ್ತುಹಾಕಿದ್ದಾರೆ, ಎಷ್ಟು ಶಾಸನದ ಕಲ್ಲು ಉರುಳಿಸಿದ್ದಾರೆ ಅಂತ ನೋಡಿದರೆ ಹೊಟ್ಟೆ ಉರಿಯುತ್ತದೆ. ಇಲ್ಲಿ ನಾನು ಬರೆದಿರುವ ಯಾವ ಉಪಾಯವೂ ಅದಕ್ಕಲ್ಲ.

ಈಗ ಮಿಷನ್ನಿನ ಕುಂದುಗಳು. ಬಿಟ್ ಹಿಡಿಯುವ ಬಾಯಿಗೆ ಮರಳು ಹೋಗುತ್ತದೆ, ಇದು ಗೋಡೆಗೆ ಅಂತ ಮಾಡಿದ ಸಾಮಾನು, ಬಾಯಿ ಕೆಳಗೆ ಮಾಡಿ ಧೂಳಿನ ಗುಂಡಿಯಲ್ಲಿ ಓಡಿಸಲು ಅಲ್ಲ. ಮೊದಲ ಚಳಿಗಾಲದ ಕೊನೆಗೆ ಕಾಲರ್ ಹಿಂದೆ ಸರಿಯದೆ ಬಿಟ್ ಒಳಗೇ ಸಿಕ್ಕಿಕೊಂಡಿತು. ಬಿಚ್ಚಿ, ಒರೆಸಿ, ಹೊಸ ಗ್ರೀಸ್ ಹಾಕಿದೆ, ಸರಿ ಹೋಯಿತು. ಈಗ ಪ್ರತಿ ಸಲ ಬಿಟ್ಟಿನ ಬುಡಕ್ಕೆ ಸ್ವಲ್ಪ ಗ್ರೀಸ್ ಹಚ್ಚುತ್ತೇನೆ, ಬಾಯಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಒಂದನ್ನು ಕಾಲುಚೀಲದ ಹಾಗೆ ತೊಡಿಸಿದ್ದೇನೆ. ಅದು ಚೆನ್ನಾಗಿ ಕೆಲಸ ಮಾಡುತ್ತಿದೆ. ಗಾಳಿ ಎಳೆದುಕೊಳ್ಳುವ ಕಿಂಡಿ ಮುಚ್ಚಬೇಡಿ, ಮೋಟಾರು ಸುಟ್ಟುಹೋಗುತ್ತದೆ. ಹಿಡಿ ಗಿಡ್ಡ, ಹಾಗಾಗಿ ಮಂಡಿಯೂರಿಯೇ ಕೆಲಸ ಮಾಡಬೇಕು. ಮಂಡಿಗೆ ಪ್ಯಾಡ್ ಬೇಕು, ಊರುವ ಮುಂಚೆ ಪೊದೆ ಬುಡ, ಕಲ್ಲಿನ ಸಂದಿ ನೋಡಿಕೊಳ್ಳಬೇಕು, ಬುಡುಬುಡಿಕೆ ಹಾವು ಇರುವ ಜಾಗ.

ಬೆಲೆ ಹೇಳಿಬಿಡುತ್ತೇನೆ. ಬರೀ ಮಿಷನ್‌ಗೆ 190 ಡಾಲರ್ ಕೊಟ್ಟೆ, ಬ್ಯಾಟರಿ ಮತ್ತು ಚಾರ್ಜರ್ ಮನೆಯಲ್ಲಿ ಮೊದಲೇ ಇತ್ತು, ಅದೇ ಕಂಪನಿಯ ಡ್ರಿಲ್‌ನದು. ನಿಮ್ಮ ಮನೆಯಲ್ಲೂ ಯಾವುದಾದರೂ ಬ್ಯಾಟರಿ ಇದ್ದರೆ ಅದಕ್ಕೆ ಹೊಂದುವ ಹ್ಯಾಮರನ್ನೇ ತಗೊಳ್ಳಿ, ಅರ್ಧ ದುಡ್ಡು ಉಳಿಯುತ್ತದೆ. ಎರಡು ಚಳಿಗಾಲದಲ್ಲಿ ಸಿಕ್ಕ ಚಿನ್ನ ಒಟ್ಟು ಹನ್ನೊಂದು ಗ್ರಾಂ ಚಿಲ್ಲರೆ, ಅದರಲ್ಲಿ ಮುಕ್ಕಾಲು ಪಾಲು ನಾನು ಮೊದಲ ವರ್ಷ 'ಬಿಡು' ಅಂತ ಬಿಟ್ಟು ಹೋಗುತ್ತಿದ್ದಂಥ ಗಟ್ಟಿ ಜಾಗದ್ದು. ತಿಂಗಳಿಗೊಂದು ಸಲ ಹೋಗುವವರಿಗೆ, ಮರಳು ಹಳ್ಳದಲ್ಲೇ ಹುಡುಕುವವರಿಗೆ, ಉದ್ಯಾನದಲ್ಲಿ ನಾಣ್ಯ ಹುಡುಕುವವರಿಗೆ ಇದು ಬೇಡ. ಕಲೀಚಿ ಇರುವ ಕಡೆ ವಾರವಾರ ಹೋಗುವವರು ಕಣ್ಣು ಮುಚ್ಚಿ ತಗೊಳ್ಳಬಹುದು.

ಗುಂಡಿ ಮುಚ್ಚುವಾಗ ಹೆಂಟೆಗಳು ಮೊದಲಿನ ಹಾಗೆ ಕೂರುವುದಿಲ್ಲ, ಮೇಲೆ ಗುಡ್ಡೆಯಾಗುತ್ತದೆ. ದೊಡ್ಡ ಹೆಂಟೆ ಕೆಳಗೆ, ಪುಡಿ ಮೇಲೆ ಹಾಕಿ, ಕಾಲಲ್ಲಿ ತುಳಿದು, ಉಳಿದ ನೀರು ಸುರಿದು ಬರುತ್ತೇನೆ. ಜಮೀನಿನ ಯಜಮಾನರು ಕಳೆದ ತಿಂಗಳು ಹಳ್ಳದುದ್ದಕ್ಕೂ ನಡೆದು ನೋಡಿ ಬಂದರು. ನವೆಂಬರ್‌ಗೆ ಮತ್ತೆ ಬಾ ಅಂದಿದ್ದಾರೆ. ಅಪ್ಪನೂ ಟಿಕೆಟ್ ವಿಚಾರಿಸುತ್ತಿದ್ದಾರೆ, ಈ ಸಲ ಕುರ್ಚಿ ಬೇಡವಂತೆ, ಮಿಷನ್ ತಾನೇ ಹಿಡಿಯುತ್ತಾರಂತೆ.